ಹತ್ತಿ ಬಿಡಿಸುವ ಮಕ್ಕಳಿಗೆ ಕೈಗಾರಿಕಾ ಕ್ರಾಂತಿಯ ಪಾಠ

ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. 9ನೇ ತರಗತಿಗೆ ಕೈಗಾರಿಕಾ ಕ್ರಾಂತಿ ಪಾಠವನ್ನು ಇಷ್ಟು ವರ್ಷ ಒಂದೇ ರೀತಿ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಒಂದು ಕಡೆ ಯಂತ್ರ, ಇನ್ನೊಂದು ಕಡೆ ಕಂಡುಹಿಡಿದವರ ಹೆಸರು. ಹಾರುವ ಲಾಳಿ, ಜಾನ್ ಕೇ, 1733. ಹೊಂದಿಸಿ ಬರೆಯಿರಿ ಪ್ರಶ್ನೆಗೆ ಅಷ್ಟು ಸಾಕು. ಕೊನೆಗೆ ಪರಿಣಾಮಗಳು ಅಂತ ನಾಲ್ಕು ಪಾಯಿಂಟ್ ಬರೆಸಿದರೆ ಪಾಠ ಮುಗಿಯಿತು.

ಈ ವರ್ಷ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಹತ್ತಿ ಬಿಡಿಸುವ ಕಾಲ, ಅರ್ಧ ಕ್ಲಾಸು ಖಾಲಿ. ಬಂದ ಒಬ್ಬ ಹುಡುಗಿ ನೋಟ್‌ಬುಕ್ ಹಾಳೆ ತಿರುಗಿಸುವಾಗ ಬೆರಳನ್ನು ಎತ್ತಿ ಹಿಡಿಯುತ್ತಿದ್ದಳು. ಹತ್ತಿರ ಹೋಗಿ ನೋಡಿದೆ. ಉಗುರಿನ ಸುತ್ತ ಸಣ್ಣ ಸಣ್ಣ ಗೀರು, ಕೆಲವು ಒಣಗಿದ್ದವು, ಒಂದೆರಡು ಇನ್ನೂ ಹಸಿ. ಒಣಗಿದ ಹತ್ತಿ ಕಾಯಿಯ ತುದಿ ಸೂಜಿಯಂತೆ ಚುಚ್ಚುತ್ತದೆ, ಬಿಡಿಸಿದವರಿಗೆ ಗೊತ್ತು. "ನಾಕು ದಿನ ಹೊಲಕ್ಕೆ ಹೋಗಿದ್ದೆನ್ರಿ ಸರ್" ಅಂದಳು. ಜಗತ್ತಿನ ಮೊದಲ ಕಾರ್ಖಾನೆಗಳು ಬಹುಪಾಲು ನಡೆದದ್ದೇ ಹತ್ತಿಯ ಮೇಲೆ, ಅಲ್ವಾ? ಆ ಹತ್ತಿ ಇವಳ ಕೈಯಲ್ಲೇ ಇದೆ, ನಾನು ಮಾತ್ರ ಇವಳಿಗೆ ಬರೀ ಹೆಸರು ಬಾಯಿಪಾಠ ಮಾಡಿಸುತ್ತಿದ್ದೇನೆ ಅನ್ನಿಸಿ ಬಹಳ ಬೇಜಾರಾಯಿತು.

ಮರುದಿನ ಒಂದು ಹಿಡಿ ಹತ್ತಿ ತಗೊಂಡು ಹೋದೆ. "ಯಾರಿಗೆ ಬತ್ತಿ ಹೊಸೆಯೋಕೆ ಬರುತ್ತೆ?" ಅಂತ ಕೇಳಿದೆ. ಆ ಹುಡುಗಿಯೇ ಎದ್ದು ಬಂದಳು. ಉಗುರಿನಿಂದ ಬೀಜ ಬಿಡಿಸಿ, ಎಳೆ ಎಳೆದು, ಅಂಗೈಯಲ್ಲಿ ಹೊಸೆದಳು. ಒಂದು ಗೇಣು ಆಗುವಷ್ಟರಲ್ಲಿ ಎರಡು ನಿಮಿಷ ಹೋಯಿತು. ಹೀಗೆ ಒಂದೊಂದೇ ಎಳೆ ನೂತರೆ ಒಬ್ಬ ನೇಕಾರನಿಗೆ ಎಷ್ಟು ಜನ ನೂಲಬೇಕು ನೋಡಿ, ಇಂಗ್ಲೆಂಡಿನ ನೇಕಾರ ಹಾರ್‌ಗ್ರೀವ್ಸ್‌ನ ಮೊದಲ ಜೆನ್ನಿ ಅನ್ನೋ ನೂಲುವ ಯಂತ್ರದಲ್ಲಿ 8 ಕದಿರು ಇದ್ದವು, ಅಂದರೆ ಒಬ್ಬರೇ ಕೂತು ಎಂಟು ಎಳೆ ತೆಗೆಯಬಹುದು ಅಂದೆ. "ಹಂಗಾದ್ರ ಉಳಿದ ಏಳು ಮಂದಿ ಏನ್ ಮಾಡ್ಬೇಕ್ರಿ ಸರ್?" ಅಂತ ಹಿಂದಿನ ಬೆಂಚಿನಿಂದ ಬಂತು. ಇಷ್ಟು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. 1768ರಲ್ಲಿ ನೂಲುವ ಜನ ಹಾರ್‌ಗ್ರೀವ್ಸ್‌ನ ಮನೆಗೆ ನುಗ್ಗಿ ಜೆನ್ನಿಗಳನ್ನು ಒಡೆದದ್ದು, 1812ರಲ್ಲಿ ಯಂತ್ರ ಒಡೆದವರಿಗೆ ಗಲ್ಲು ಅಂತ ಕಾಯ್ದೆ ಬಂದದ್ದು, ಎಲ್ಲ ಆಮೇಲೆ ಹೇಳಿದೆ. ಅವರು ಪ್ರಗತಿ ಬೇಡವೆಂದ ದಡ್ಡರು ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಅದು ತಪ್ಪು. ಕೂಲಿ ಹೋದವನ ಸಿಟ್ಟು ನಮ್ಮ ಮಕ್ಕಳಿಗೆ ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಮುಂದೆ ಇಂಗ್ಲೆಂಡಿನ ಹತ್ತಿ ಗಿರಣಿಗಳ ಊರು ಮ್ಯಾಂಚೆಸ್ಟರ್. 1801ರಲ್ಲಿ ಸುಮಾರು 75 ಸಾವಿರ ಜನರಿದ್ದ ಊರು 1851ರ ಹೊತ್ತಿಗೆ 3 ಲಕ್ಷ ದಾಟಿತ್ತು. ಹಳ್ಳಿ ಜನ ಪಟ್ಟಣಕ್ಕೆ ವಲಸೆ ಹೋದರು ಅಂದೆ. ಎಲ್ಲರೂ ಸುಮ್ಮನಿದ್ದರು. ಒಬ್ಬ ಹುಡುಗ "ಗುಳೆ ಹೋದ್ರೇನ್ರಿ ಸರ್?" ಅಂದ. ಅಷ್ಟೇ, ಆಮೇಲೆ ನಾನು ವಲಸೆ ಅನ್ನೋ ಮಾತೇ ಆಡಲಿಲ್ಲ. ಬೆಂಗಳೂರಿನ ತಗಡಿನ ಶೆಡ್ಡು, ಒಂದು ನಳಕ್ಕೆ ಇಪ್ಪತ್ತು ಮನೆ, ಮಳೆಗಾಲದಲ್ಲಿ ತಮ್ಮನಿಗೆ ಜ್ವರ, ಹೀಗೆ ಅವರೇ ಹೇಳುತ್ತಾ ಹೋದರು. ನಾನು ಮಧ್ಯೆ ಮಧ್ಯೆ "ಅಲ್ಲೂ ಹೀಗೇ ಇತ್ತು, ಕಾಲರಾ ಬಂದಿತ್ತು" ಅಂತ ಸೇರಿಸಿದೆ. ಒಬ್ಬ ಎದ್ದು ನಿಂತು, "ಊರಾಗ ಇದ್ರ ಉಣ್ಣಾಕ ಏನಿತ್ರಿ ಅವರಿಗೆ? ನಮ್ಮ ಅಣ್ಣ ರೊಕ್ಕ ಕಳಸ್ತಾನ್ರಿ" ಅಂದ. ಅವನ ಮಾತೂ ನಿಜವೇ. ಕಾರ್ಖಾನೆ ಬಂದ ಮೇಲೆ ಬಡವನಿಗೂ ಅಗ್ಗದ ಬಟ್ಟೆ ಸಿಕ್ಕಿತು, ಕೈಗೆ ಸಂಬಳ ಬಂತು. ಇವೆರಡೂ ಮಾತು ಒಂದೇ ಕ್ಲಾಸಿನಲ್ಲಿ ಎದುರುಬದುರು ನಿಲ್ಲಬೇಕು ಅನ್ನೋದೇ ನನ್ನ ವಾದ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ವಯಸ್ಸಿನ ವಿಷಯ. ಇಂಗ್ಲೆಂಡಿನ 1833ರ ಕಾಯ್ದೆ 9 ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಗೆ ಸೇರಿಸಬಾರದು ಅಂದಿತು. ಅದೇ ಬ್ರಿಟಿಷರು ಭಾರತಕ್ಕೆ 1881ರಲ್ಲಿ ಕಾಯ್ದೆ ತಂದಾಗ ಆ ವಯಸ್ಸು 7 ಆಯಿತು. ಸುಮಾರು ಐವತ್ತು ವರ್ಷ ತಡವಾಗಿ, ಎರಡು ವರ್ಷ ಕಡಿಮೆ! ನಿಜಾಮರ ರಾಜ್ಯದಲ್ಲಿದ್ದ ನಮ್ಮ ಭಾಗಕ್ಕೆ ಅದೂ ಇರಲಿಲ್ಲ. ಇಂದು ಸಂವಿಧಾನದ 24ನೇ ವಿಧಿ 14 ವರ್ಷದೊಳಗಿನವರನ್ನು ಕಾರ್ಖಾನೆಯಲ್ಲಿ ದುಡಿಸಬಾರದು ಅನ್ನುತ್ತದೆ. ಈ ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದೆ. 9, 7, 14. ಮಕ್ಕಳು ತಮ್ಮ ತಮ್ಮ ವಯಸ್ಸು ನೋಡಿಕೊಂಡರು. ಗೀರು ಬಿದ್ದ ಕೈಯ ಹುಡುಗಿ "ಹೊಲಕ್ಕ ಎಷ್ಟ್ರಿ ಸರ್?" ಅಂದಳು. ಉತ್ತರ ಹೇಳೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಸಹೋದ್ಯೋಗಿಯೊಬ್ಬರು "ಹೀಗೆ ಮಾಡಿದರೆ ಪೋರ್ಷನ್ ಮುಗಿಯಲ್ಲ, ರಿಸಲ್ಟಿನಲ್ಲಿ ನಮ್ಮ ಭಾಗ ಮೊದಲೇ ಕೆಳಗಿದೆ" ಅಂದರು. ಅವರ ಚಿಂತೆ ನನಗೂ ಇದೆ. ನನಗೆ ಮೂರು ಪೀರಿಯಡ್ ಜಾಸ್ತಿ ಹಿಡಿದವು. ಆದರೆ ಟೆಸ್ಟಿನಲ್ಲಿ ಪರಿಣಾಮಗಳ ಪ್ರಶ್ನೆಗೆ ಯಾರೂ ಗೈಡ್ ನೋಡಿ ಬರೆದಂತೆ ಬರೆದಿರಲಿಲ್ಲ. ತಪ್ಪು ಕಾಗುಣಿತದಲ್ಲಿ, ತಮ್ಮ ಮಾತಿನಲ್ಲಿ, ಪುಟ ತುಂಬ ಬರೆದಿದ್ದರು.

ಈಗ ಒಂದು ಕೋರಿಕೆ. ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ಲಿನಲ್ಲಿ ದುಡಿದ ಹಿರಿಯರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ದಯವಿಟ್ಟು ತಿಳಿಸಿ. ಮಿಲ್ ಮುಚ್ಚಿದೆ, ಏರಿಯಾಕ್ಕೆ ಅದರ ಹೆಸರು ಉಳಿದಿದೆ. ಅಲ್ಲಿಯ ಭೋಂಗಾ (ಸೈರನ್), ಪಾಳಿ, ಪಗಾರ, ಮುಚ್ಚಿದ ಮೇಲಿನ ದಿನಗಳು, ಯಾವುದನ್ನಾದರೂ ಅರ್ಧ ಗಂಟೆ ನಮ್ಮ ಮಕ್ಕಳ ಮುಂದೆ ಹೇಳಿದರೆ ಸಾಕು. ಬಸ್ ಚಾರ್ಜು ನನ್ನದು, ಊಟ ನಮ್ಮ ಮನೆಯಲ್ಲಿ.