ನಂಬರ್ ಇದ್ದರೆ ಬನ್ನಿ

"ನಂಬರ್ ಎಷ್ಟು?" ಎಂದರು ಗುಮಾಸ್ತರು.

"ಅದನ್ನೇ ಕೇಳೋಕೆ ಬಂದಿದ್ದು ಸಾರ್."

"ನಂಬರ್ ಇಲ್ಲದೆ ಫೈಲ್ ಹುಡುಕೋದು ಹೇಗ್ರೀ?"

"ಫೈಲ್ ಸಿಗದೆ ನಂಬರ್ ಗೊತ್ತಾಗೋದು ಹೇಗೆ ಸಾರ್?"

ಇಬ್ಬರೂ ಒಂದು ಗಳಿಗೆ ಮುಖಮುಖ ನೋಡಿಕೊಂಡೆವು. ಇಬ್ಬರದೂ ನ್ಯಾಯವಾದ ಮಾತೇ. ಕೋರ್ಟಿನಲ್ಲಿ ಎರಡೂ ಕಡೆ ನ್ಯಾಯ ಇದ್ದರೆ ಏನಾಗುತ್ತದೆ ಎಂದು ನಿಮಗೆ ಗೊತ್ತಲ್ಲ, ಮುಂದಿನ ತಾರೀಕು ಸಿಗುತ್ತದೆ. ನನಗೂ ಸಿಕ್ಕಿತು.

ಕೊಡಗಿನ ಯಾವ ಕೋರ್ಟು ಎಂದು ಕೇಳಬೇಡಿ. ಹೇಳುವುದಿಲ್ಲ. ನನಗೆ ಅಲ್ಲಿಂದ ಇನ್ನೂ ಒಂದು ನಕಲು ಬೇಕಾಗಿದೆ.

ವಿಷಯ ಇಷ್ಟೇ. ನಮ್ಮ ಅಜ್ಜನಿಗೂ ಅವರ ತಮ್ಮನಿಗೂ ಜಾಗದ ಪಾಲಿನ ದಾವೆ ನಡೆದು, ಡಿಕ್ರಿಯೂ ಆಗಿ, ಆಮೇಲೆ ಇಬ್ಬರೂ ಮತ್ತೆ ಒಂದೇ ಗದ್ದೆಯಲ್ಲಿ ನಾಟಿ ಮಾಡಿ, ಒಂದೇ ವರ್ಷ ತೀರಿಕೊಂಡರು. ಆರ್‌ಟಿಸಿ (ಪಹಣಿ) ಮಾತ್ರ ಅವರಿಗೂ ಹಿಂದಿನ ಪಟ್ಟೆದಾರರ, ಅಂದರೆ ಮನೆತನದ ಹಿರಿಯರ, ಹೆಸರಿನಲ್ಲೇ ಹಾಯಾಗಿ ಕೂತಿದೆ. ಕಾಫಿ ತೋಟದ ಮೇಲೆ ಸಾಲ ಕೇಳಿದರೆ ಬ್ಯಾಂಕಿನವರು ಆರ್‌ಟಿಸಿ ಸರಿಮಾಡಿಸಿ ಎನ್ನುತ್ತಾರೆ, ಅದನ್ನು ಸರಿಮಾಡಿಸಲು ಹೋದರೆ ಕಂದಾಯದವರು ಡಿಕ್ರಿ ತನ್ನಿ ಎನ್ನುತ್ತಾರೆ. ಡಿಕ್ರಿ ಮನೆಯಲ್ಲಿತ್ತು. ಅಟ್ಟದ ಮೇಲೆ, ಕರಿಮೆಣಸಿನ ಚೀಲದ ಪಕ್ಕ, ತಗಡಿನ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯಲ್ಲಿ ಈಗ ಇಲಿಗಳ ಮೂರನೆಯ ತಲೆಮಾರು ವಾಸವಾಗಿದೆ, ಯಾವ ತಕರಾರೂ ಇಲ್ಲದೆ ಪಾಲು ಮಾಡಿಕೊಂಡು.

ಸರಿ, ದಾವೆ ಯಾವ ವರ್ಷದ್ದು? ಅದನ್ನು ಬಲ್ಲವರು ದೊಡ್ಡಪ್ಪ ಒಬ್ಬರೇ.

"ನಿನ್ನ ಸೋದರತ್ತೆ ಮದುವೆ ಆಯಿತಲ್ಲ, ಅದರ ಮುಂದಿನ ಪುತ್ತರಿ ಹಬ್ಬಕ್ಕೆ ಕೇಸು ಹಾಕಿದ್ದು."

"ಅತ್ತೆ ಮದುವೆ ಯಾವಾಗ ಆದದ್ದು?"

"ಎಮರ್ಜೆನ್ಸಿಗೆ ಮೊದಲು. ಎಲ್ಲರೂ ಕಾಫಿ ಬೋರ್ಡಿಗೇ ಕಾಫಿ ಕೊಡುತ್ತಿದ್ದ ಕಾಲ. ಆ ವರ್ಷ ಕಾಫಿ ಹೂ ಬಿಡಿಸುವ ಹೂಮಳೆ ಚೆನ್ನಾಗಿ ಬಂದಿತ್ತು."

ಹೂಮಳೆಯ ಲೆಕ್ಕದಲ್ಲಿ ಕೋರ್ಟಿನ ರಿಜಿಸ್ಟರ್ ಇಡುವುದಿಲ್ಲ ಎಂದು ದೊಡ್ಡಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ. 1908ರ ಸಿವಿಲ್ ಪ್ರೊಸೀಜರ್ ಕೋಡಿನ ನಾಲ್ಕನೇ ಆರ್ಡರ್, ಎರಡನೇ ರೂಲಿನ ಪ್ರಕಾರ ದಾವೆಗಳನ್ನು ಒಂದು ಪುಸ್ತಕದಲ್ಲಿ ಬರೆದು, ಅವು ದಾಖಲಾದ ಕ್ರಮದಲ್ಲಿ ವರ್ಷವರ್ಷಕ್ಕೂ ನಂಬರ್ ಕೊಡಬೇಕು. ಅಂದರೆ ಪ್ರತಿ ಜನವರಿಗೆ ಒಂದನೇ ನಂಬರ್ ಹೊಸದಾಗಿ ಹುಟ್ಟುತ್ತದೆ. ವರ್ಷ ತಿಳಿಯದೆ ನಂಬರ್ ಮಾತ್ರ ಹೇಳಿದರೂ ಪ್ರಯೋಜನವಿಲ್ಲ. ನನಗೆ ಎರಡೂ ತಿಳಿಯದು ಎಂಬುದೊಂದೇ ಸಮಾಧಾನ.

"ಈಗೆಲ್ಲ ಆನ್‌ಲೈನ್ ಅಲ್ವಾ?" ಎಂದು ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ ಹೇಳಿದಳು. ಬೆಂಗಳೂರಿನಲ್ಲಿರುವವರು ಎಲ್ಲದಕ್ಕೂ ಹೀಗೇ ಹೇಳುತ್ತಾರೆ. ಆನ್‌ಲೈನ್ ಹೌದು. ಪ್ರತಿ ಮೊಕದ್ದಮೆಗೂ ಹದಿನಾರು ಅಕ್ಷರ, ಅಂಕಿಗಳ ಸಿಎನ್‌ಆರ್ ನಂಬರ್ ಇದೆಯಂತೆ, ಅದನ್ನು ಒತ್ತಿದರೆ ಕೇಸಿನ ಜಾತಕವೇ ಬರುತ್ತದಂತೆ. ಇಲ್ಲೂ ನಂಬರ್! ಅದಿಲ್ಲದವರು ಕಕ್ಷಿದಾರರ ಹೆಸರಿನಲ್ಲಿ ಹುಡುಕಬಹುದು, ಆದರೆ ವರ್ಷ ಹಾಕಬೇಕು. ನಾನು 1968ರಿಂದ ಶುರುಮಾಡಿ ಒಂದೊಂದೇ ವರ್ಷ ಹಾಕುತ್ತ ಬಂದೆ. ಪ್ರತಿ ಸಲವೂ ನಾನು ಯಂತ್ರವಲ್ಲ ಎಂದು ಸಾಬೀತು ಮಾಡಲು ಸೊಟ್ಟ ಅಕ್ಷರಗಳನ್ನು ನೋಡಿ ಬರೆಯಬೇಕು. ಆರನೇ ವರ್ಷಕ್ಕೆ ಬರುವಷ್ಟರಲ್ಲಿ ನನಗೇ ಅನುಮಾನ ಬಂತು.

ಇನ್ನು ಸ್ಪೆಲಿಂಗ್. ಇದು ಬಯಲುಸೀಮೆಯವರಿಗೆ ಅರ್ಥವಾಗದ ಕಷ್ಟ. ಕೊಡಗಿನ ಇಬ್ಬರು ದಂಡನಾಯಕರನ್ನೇ ತೆಗೆದುಕೊಳ್ಳಿ. ಫೀಲ್ಡ್ ಮಾರ್ಷಲ್ ಕಾರಿಯಪ್ಪನವರು ಇಂಗ್ಲಿಷಿನಲ್ಲಿ 'ಸಿ'ಯಿಂದ ಶುರುವಾಗುತ್ತಾರೆ, ನಮ್ಮ ಪಕ್ಕದ ತೋಟದ ಕಾರಿಯಪ್ಪ 'ಕೆ'ಯಿಂದ. ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿ 'ಎಂ' ಒಂದೇ, ನಮ್ಮೂರ ತಿಮ್ಮಯ್ಯಂದಿರಲ್ಲಿ ಕೆಲವರಿಗೆ ಎರಡು. ಸೈನ್ಯದವರು ಹೇಗೋ ಹುಡುಕಿಕೊಂಡರು, ಕಂಪ್ಯೂಟರಿಗೆ ಆಗುವುದಿಲ್ಲ. ನಮ್ಮ ಅಜ್ಜನ ಹೆಸರಂತೂ ಹಿಂದೆ ಕೊಡಗಿನಲ್ಲಿ ಕಿತ್ತಳೆ ಇದ್ದಷ್ಟು ಧಾರಾಳ. ಅದನ್ನು ಹನ್ನೊಂದು ಬಗೆಯಲ್ಲಿ ಬರೆದು ನೋಡಿದೆ. ಹನ್ನೊಂದು ಬಗೆಗೂ 'ರೆಕಾರ್ಡ್ ನಾಟ್ ಫೌಂಡ್'. ಕೊನೆಯ ಸಲ ಉತ್ತರವೂ ಬರಲಿಲ್ಲ, ಮಳೆಗೆ ಟವರ್ ಹೋಗಿತ್ತು.

ಅಜ್ಜ ಕಂಪ್ಯೂಟರಿನಲ್ಲಿ ಇರಲು ಸಾಧ್ಯವೇ ಇಲ್ಲ ಎಂದು ಆಮೇಲೆ ಒಬ್ಬ ವಕೀಲರು ತಿಳಿಸಿದರು. ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ತೀರ್ಮಾನವಾದ ಕೇಸು, ರೆಕಾರ್ಡ್ ರೂಮಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತದೆ. 2023ರಲ್ಲಿ ಕೇಂದ್ರ ಸಂಪುಟ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ, ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವುದೂ ಅದರಲ್ಲಿ ಸೇರಿದೆ ಎಂದೂ ಹೇಳಿದರು. ದೊಡ್ಡಪ್ಪ ಕೇಳಿ ಸಂತೋಷಪಟ್ಟರು. "ಅಷ್ಟು ದುಡ್ಡಿದ್ದರೆ ನಮ್ಮ ಪುಟ ಒಂದನ್ನು ಮೊದಲು ಮಾಡಲಿ" ಎಂದರು.

ಹಾಗಾದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳೋಣ ಎಂದುಕೊಂಡೆ. ಅದಕ್ಕೂ ಬೇಲಿ ಇದೆ. ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಹೇಳಿಬಿಟ್ಟಿದೆ: ಕೋರ್ಟಿನ ಕಡತದ ನಕಲು ಬೇಕಾದವರು ಕೋರ್ಟಿನ ನಿಯಮದ ಪ್ರಕಾರವೇ ಅರ್ಜಿ ಹಾಕಿ ಪಡೆಯಬೇಕು, ಮಾಹಿತಿ ಹಕ್ಕಿನ ಬಾಗಿಲಿನಿಂದಲ್ಲ. ನಿಯಮದ ಪ್ರಕಾರ ಅರ್ಜಿ ಹಾಕಲು ಏನು ಬೇಕು? ನಂಬರ್.

ಹಕ್ಕಂತೂ ಇದೆ. ಸಾರ್ವಜನಿಕ ದಾಖಲೆಯನ್ನು ನೋಡುವ ಅಧಿಕಾರ ಇರುವವನು ಕೇಳಿದರೆ, ಶುಲ್ಕ ಪಡೆದು ದೃಢೀಕರಿಸಿದ ನಕಲು ಕೊಡಬೇಕು ಎಂದು 1872ರ ಸಾಕ್ಷ್ಯ ಕಾಯ್ದೆಯ 76ನೇ ಸೆಕ್ಷನ್ ಹೇಳುತ್ತಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 75ನೇ ಸೆಕ್ಷನ್. ಒಂದೂವರೆ ಶತಮಾನದಲ್ಲಿ ನಮ್ಮ ಹಕ್ಕು ಕ್ಯೂನಲ್ಲಿ ಒಂದು ಸ್ಥಾನ ಮುಂದೆ ಬಂದಿದೆ.

ಆಗಸ್ಟ್ ಮೊದಲಲ್ಲಿ ಕಕ್ಕಡ ಹದಿನೆಂಟರ ಮದ್ದುಪಾಯಸ ತಿಂದು ಮೊದಲ ಸಲ ಹೋದವನು, ಕೈಲ್‌ಪೊಳ್ದ್ ಹಬ್ಬ ಮುಗಿಸಿ ಸೆಪ್ಟೆಂಬರಿನಲ್ಲಿ ಎರಡನೇ ಸಲ ಹೋದೆ. ರೆಕಾರ್ಡ್ ರೂಮಿನವರು ಒಳ್ಳೆಯವರು. ಒಬ್ಬರೇ ಇದ್ದಾರೆ, ಉಬ್ಬಸ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಕಾಗದದ ಪಾಡು ಹೇಳಬೇಕೇ? ಅವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹಳೆಯ ದಾವೆ ರಿಜಿಸ್ಟರ್ ಒಂದನ್ನು ತಂದು ಮೇಜಿನ ಮೇಲೆ ಇಟ್ಟರು. ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಸ್ಟೀಲ್ ಸ್ಕೇಲನ್ನು ನಡುವೆ ತೂರಿಸಿ, ಹಲಸಿನ ತೊಳೆ ಬಿಡಿಸುವವರ ಹಾಗೆ ನಿಧಾನಕ್ಕೆ ಬಿಡಿಸಿದರು. ಒಳಗೆ ನೀಲಿ ಶಾಯಿ ನೇರಳೆಯಾಗಿ ಹರಡಿತ್ತು. ಆ ನೇರಳೆಯ ನಡುವೆ ನಮ್ಮ ಅಜ್ಜ ವಾದಿ, ಅವರ ತಮ್ಮ ಪ್ರತಿವಾದಿ, ಕೋರ್ಟಿನ ಹೆಸರು ಮುನ್ಸಿಫ್. ಈಗ ಆ ಹೆಸರಿನ ಕೋರ್ಟೇ ಇಲ್ಲ, ಕಿರಿಯ ವಿಭಾಗದ ಸಿವಿಲ್ ಜಡ್ಜ್ ಎನ್ನಬೇಕು.

ನಂಬರ್ ಸಿಕ್ಕಿತು! ಬೀದಿಗೆ ಬಂದು ಒಂದು ಕಾಫಿ ಕುಡಿದೆ. ಕಾಫಿ ಬೆಳೆಯುವ ನಾಡಿನಲ್ಲಿ ಅಷ್ಟು ಕೆಟ್ಟ ಕಾಫಿ ಹೇಗೆ ಮಾಡುತ್ತಾರೋ, ಆ ದಿನ ಅದೂ ರುಚಿಸಿತು.

ನಕಲು ಅರ್ಜಿ ಬರೆದು ಕೊಟ್ಟೆ. "ನೀವು ದಾವೆಯಲ್ಲಿ ಪಾರ್ಟಿನಾ?" ಎಂದರು. ನಾನು ಆಗ ಹುಟ್ಟಿರಲಿಲ್ಲ. "ಹಾಗಾದ್ರೆ ಥರ್ಡ್ ಪಾರ್ಟಿ. ಯಾಕೆ ಬೇಕು ಅಂತ ಅಫಿಡವಿಟ್ ಹಾಕಿ, ವಂಶವೃಕ್ಷ ತನ್ನಿ." ಅಜ್ಜನ ತೊಡೆಯ ಮೇಲೆ ಕೂತು ಕಡುಬು ತಿಂದವನು ಅಜ್ಜನ ಆಸ್ತಿಗೆ ಮೂರನೆಯವನು. ನಿಯಮ ನಿಯಮವೇ, ಕಂಡಕಂಡವರಿಗೆ ಕೊಡಲಾಗುವುದಿಲ್ಲ, ಒಪ್ಪೋಣ. ವಂಶವೃಕ್ಷ ಕೊಡುವವರು ಕಂದಾಯದವರು. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಆರ್‌ಟಿಸಿಯಲ್ಲಿ ನಿಮ್ಮ ಅಜ್ಜನ ಹೆಸರೇ ಇಲ್ಲವಲ್ಲ, ಡಿಕ್ರಿ ಏನಾದರೂ ಇದೆಯಾ?" ಎಂದರು.

ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಡಿಕೇರಿ ಕೋಟೆಯೊಳಗೆ ಎರಡು ಗಾರೆಯ ಆನೆ ನಿಂತಿದ್ದಾವಲ್ಲ, ರಾಜರ ಕಾಲದಿಂದ, ಅವಕ್ಕೂ ಯಾವುದೋ ನಕಲು ಬರಬೇಕಿರಬಹುದು" ಎಂದರು.

ಕಾನೂನು ನಿರ್ದಯಿ ಅಲ್ಲ ಎಂಬುದಕ್ಕೂ ಸಾಕ್ಷಿ ಇದೆ. 1963ರ ಲಿಮಿಟೇಶನ್ ಆಕ್ಟಿನ 12ನೇ ಸೆಕ್ಷನ್ ನೋಡಿ: ಮೇಲ್ಮನವಿಯ ಗಡುವನ್ನು ಎಣಿಸುವಾಗ ಡಿಕ್ರಿಯ ನಕಲು ಪಡೆಯಲು ಬೇಕಾದ ಕಾಲವನ್ನು ಕಳೆದು ಎಣಿಸಬೇಕು. ನಕಲಿಗೆ ಕಾಲ ಹಿಡಿಯುತ್ತದೆ ಎಂದು ಸಂಸತ್ತೇ ಕಾಯ್ದೆ ಮಾಡಿ ಒಪ್ಪಿಕೊಂಡಿದೆ. ಅದೇ ಲೆಕ್ಕವನ್ನು ಆಯುಸ್ಸಿಗೂ ಹಿಡಿದರೆ ನಮ್ಮ ದೊಡ್ಡಪ್ಪನಿಗೆ ಈಗ ಐವತ್ತೂ ಆಗಿರಲಿಕ್ಕಿಲ್ಲ.

ವಂಶವೃಕ್ಷ ಹೇಗೆ ಸಿಕ್ಕಿತು ಎಂದು ಬರೆಯುವುದಿಲ್ಲ, ಅದು ಬೇರೆಯೇ ಪುರಾಣ. ತಲಕಾವೇರಿಯಲ್ಲಿ ತೀರ್ಥೋದ್ಭವ ಆಗಿ, ಪುತ್ತರಿಗೆ ಕದಿರು ತೆಗೆದು, ಕಾಫಿ ಕೊಯ್ಲು ಅರ್ಧ ಆದಮೇಲೆ ನಕಲು ಕೈಗೆ ಬಂತು. ಒಂಬತ್ತು ಪುಟ. ಪುಟಪುಟಕ್ಕೂ ಮೊಹರು, ಸಹಿ. ಎಂಟು ಪುಟ ಚೆನ್ನಾಗಿಯೇ ಇದ್ದವು, ಯಾರು ಯಾರಿಗೆ ಏನೇನು ಬೈದರು ಎಂಬುದೆಲ್ಲ ಸ್ಪಷ್ಟವಾಗಿತ್ತು. ಒಂಬತ್ತನೆಯದು ಷೆಡ್ಯೂಲು, ಅಂದರೆ ಜಾಗದ ವಿವರ. ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ದೊಡ್ಡ ಹಲಸಿನ ಮರ, ಉತ್ತರಕ್ಕೆ ಪ್ರತಿವಾದಿಯ ಬಾಣೆ (ಗದ್ದೆಗೆ ಸೇರಿದ ಕಾಡುಜಾಗ). ಸರ್ವೆ ನಂಬರ್ ಇರಬೇಕಾದ ಜಾಗದಲ್ಲಿ ಒಂದು ದುಂಡನೆಯ ಕಪ್ಪು ಕಲೆ. ಮೂಲದಲ್ಲಿ ಗೆದ್ದಲು ತಿಂದು ತೂತಾಗಿದೆ, ತೂತು ಜೆರಾಕ್ಸಿನಲ್ಲಿ ಕಪ್ಪಗೆ ಬಂದಿದೆ. ಅದರ ಪಕ್ಕದಲ್ಲೇ ನೀಲಿ ಮೊಹರು: ನಿಜ ಪ್ರತಿ. ತೂತನ್ನೂ ಅಳತೆ ತಪ್ಪದಂತೆ ದೃಢೀಕರಿಸಿ ಕೊಟ್ಟಿದ್ದಾರೆ, ಸುಳ್ಳು ಹೇಳಲಾಗದು.

ಅದನ್ನೇ ಹಿಡಿದುಕೊಂಡು ಕಂದಾಯದವರ ಹತ್ತಿರ ಹೋದೆ. ಅವರು ತೂತಿನ ಕಡೆ ನೋಡಲೇ ಇಲ್ಲ. ಮೊದಲ ಪುಟದ ತಲೆಬರಹ ಓದಿ ವಾಪಸು ಕೊಟ್ಟರು.

"ಇದು ಪ್ರಿಲಿಮಿನರಿ ಡಿಕ್ರಿ ಅಲ್ವಾ? ಯಾರಿಗೆ ಎಷ್ಟು ಪಾಲು ಅಂತ ಮಾತ್ರ ಇರ್ತದೆ. ಯಾವ ಜಾಗ ಯಾರಿಗೆ ಅಂತ ಫೈನಲ್ ಡಿಕ್ರಿಯಲ್ಲಿ ಬರ್ತದೆ. ಅದನ್ನು ತನ್ನಿ."

"ಅದೂ ಇದೇ ಫೈಲಿನಲ್ಲಿ ಇರುತ್ತದಾ ಸಾರ್?"

"ಇಲ್ಲ, ಅದಕ್ಕೆ ಬೇರೆ ಅರ್ಜಿ ಹಾಕಿರ್ತಾರೆ. ಅದರ ನಂಬರ್ ಬೇರೆ."