ಹುಲ್ಲು ಕೊಯ್ಯುವ ದಿನವನ್ನು ಗೊತ್ತು ಮಾಡಬೇಕಾದವರು ಯಾರು?

ಬೇಸಿಗೆಯ ಹುಲ್ಲು ಕೊಯ್ಲು ಎಂದರೆ ಮನೆಮಂದಿಯೆಲ್ಲ ನಗುನಗುತ್ತಾ ಹೊರೆ ಕಟ್ಟುವ ಹಬ್ಬ ಎಂಬಂತೆ ಚಿತ್ರ ಹಾಕುವವರನ್ನು ಕಂಡರೆ ನನಗೆ ನಗು ಬರುತ್ತದೆ. ಸಣ್ಣ ಹಿಡುವಳಿಯ ಮನೆಯಲ್ಲಿ ಆ ಮೂರು ನಾಲ್ಕು ದಿನ ಯಾರೂ ಯಾರೊಂದಿಗೂ ನೆಟ್ಟಗೆ ಮಾತನಾಡುವುದಿಲ್ಲ. ಎಲ್ಲರ ಕಣ್ಣೂ ಮೋಡದ ಮೇಲೆ, ಎಲ್ಲರ ಸಿಟ್ಟೂ ಹತ್ತಿರ ಸಿಕ್ಕವರ ಮೇಲೆ.

ಜಗಳ ಶುರುವಾಗುವುದು ಯಾವತ್ತು ಕೊಯ್ಯಬೇಕು, ಒಣಗಿತೆಂದು ಯಾರು ಹೇಳಬೇಕು ಎನ್ನುವಲ್ಲಿ. ಕೊಯ್ಯುವ ಯಂತ್ರ ಯಾರ ಕೈಯಲ್ಲಿದೆಯೋ ಮಾತೂ ಅವರದೇ. ನಮ್ಮಲ್ಲಿ ಅದು ಮೈದುನನದು. ನನ್ನ ಪ್ರಕಾರ ಆ ತೀರ್ಮಾನ ಕೊಟ್ಟಿಗೆಯಲ್ಲಿ ಮೇವು ಹಾಕುವವರದಾಗಬೇಕು. ಬೇಸಿಗೆಯ ಅವಸರದ ಫಲವನ್ನು ತಿಂಗಳುಗಟ್ಟಲೆ ಉಣ್ಣುವುದು ಅವರು, ಅವರ ಜೊತೆಗೆ ಹಸುಗಳು.

ಹುಲ್ಲು ಬೆಳೆದಷ್ಟೂ ಹೊರೆ ಹೆಚ್ಚು ಎಂಬುದು ಯಂತ್ರದವನ ಲೆಕ್ಕ. ಆದರೆ ಬೀಜ ಕಟ್ಟಿದ ಹುಲ್ಲಿನ ಕಾಂಡ ನಾರಾಗುತ್ತದೆ, ಪ್ರೋಟೀನ್ ಇಳಿಯುತ್ತದೆ. ತೆನೆ ಆಗತಾನೇ ಹೊರಬರುವಾಗ ಕೊಯ್ದರೆ ರಾಶಿ ಚಿಕ್ಕದು, ಮೇವು ಒಳ್ಳೆಯದು. ಹಸು ಬಾಯಾಡಿಸಿ ಗೋದಲಿಯಲ್ಲೇ ಬಿಟ್ಟ ದಂಟುಗಳನ್ನು ದಿನವೂ ಗುಡಿಸಿ ಎತ್ತುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ ಒಣಗಿಸುವ ಕಥೆ. ಹಸಿ ಹುಲ್ಲಿನಲ್ಲಿ ಶೇ. 75–80ರಷ್ಟು ನೀರೇ. ಕಟ್ಟುವ ಹೊತ್ತಿಗೆ ಅದು ಶೇ. 15–18ಕ್ಕೆ ಇಳಿದಿರಬೇಕು. ಅಂದರೆ 100 ಕಿಲೋ ಹಸಿ ಹುಲ್ಲು ಒಣಗಿ ಬಣವೆ ಸೇರುವಾಗ 24ರಿಂದ 30 ಕಿಲೋ ಉಳಿದರೆ ಹೆಚ್ಚು. ಕುದುರೆಮಸಾಲೆಯಂತಹ (ಲೂಸರ್ನ್) ಸೊಪ್ಪಿನ ಮೇವು ಇನ್ನೂ ನಾಜೂಕಿನದು. ಗರಿಗರಿಯಾದ ಮೇಲೆ ಮಟಮಟ ಮಧ್ಯಾಹ್ನದಲ್ಲಿ ಮಗುಚಿದರೆ ಎಲೆಯೆಲ್ಲ ಉದುರಿ ಮಣ್ಣುಪಾಲು. ಪ್ರೋಟೀನಿನ ಬಹುಪಾಲು ಇರುವುದೇ ಆ ಎಲೆಯಲ್ಲಿ.

ಅತ್ತೆಯವರು ಪರೀಕ್ಷಿಸುವ ಬಗೆ ನೋಡಬೇಕು. ಒಣಗಲು ಹಾಕಿದ ಹುಲ್ಲಿನ ಸಾಲಿನಲ್ಲಿ ಮೇಲಿನದನ್ನು ಮುಟ್ಟುವುದೇ ಇಲ್ಲ. ಅಡಿಯಿಂದ ಒಂದು ಹಿಡಿ ಎಳೆದು, ಹಗ್ಗ ಹೊಸೆಯುವಂತೆ ಎರಡೂ ಕೈಯಲ್ಲಿ ತಿರುಚುತ್ತಾರೆ. ಕಾಂಡ ಪಟಪಟನೆ ಮುರಿದರೆ ಸರಿ. ಬಳುಕಿ ಸುಮ್ಮನಾದರೆ ಇನ್ನೊಂದು ಬಿಸಿಲು ಬೇಕು. ಬಳಿಕ ಗೆಣ್ಣನ್ನು ಉಗುರಿನಿಂದ ಕೆರೆಯುತ್ತಾರೆ. ಎಲೆ ಒಣಗಿದರೂ ನೀರು ಅಡಗಿ ಕೂರುವುದು ಅಲ್ಲೇ. ತೇವಾಂಶ ಅಳೆಯುವ ಮೀಟರ್ ಬೇಡ ಎನ್ನುವುದಿಲ್ಲ, ಅತ್ತೆಯವರೂ ಬೇಡ ಎಂದಿಲ್ಲ. ಮೀಟರ್ ಹೇಳಿದ್ದನ್ನು ಕೇಳಿಸಿಕೊಳ್ಳುವ ತಾಳ್ಮೆಯಾದರೂ ಬೇಕಲ್ಲ.

ತೇವ ಉಳಿದ ಹುಲ್ಲನ್ನು ಕಟ್ಟಿ ಪೇರಿಸಿದರೆ ಸೂಕ್ಷ್ಮಜೀವಿಗಳ ಕೆಲಸದಿಂದ ಒಳಗೇ ಕಾವು ಏರುತ್ತದೆ. 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ದಿನವೂ ಕಾಯಬೇಕು. 80ರ ಹತ್ತಿರ ಬಂದ ರಾಶಿಯನ್ನು ಅಗ್ನಿಶಾಮಕದವರಿಲ್ಲದೆ ಕೆದಕಬಾರದು, ಗಾಳಿ ಸೋಕಿದೊಡನೆ ಹೊತ್ತಿಕೊಳ್ಳಬಹುದು. ಬೆಂಕಿ ಬೀಳದಿದ್ದರೂ ಬೂಷ್ಟು ತಪ್ಪುವುದಿಲ್ಲ. ಬೂಷ್ಟು ಹಿಡಿದ ಹುಲ್ಲು ಕೊಡವಿದಾಗ ಏಳುವ ಧೂಳಿನಿಂದ ‘ಫಾರ್ಮರ್ಸ್ ಲಂಗ್’ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಆ ಧೂಳು ಏಳುವಾಗ ಯಂತ್ರ ಕೊಟ್ಟಿಗೆಯ ಹೊರಗೆ ತಣ್ಣಗೆ ನಿಂತಿರುತ್ತದೆ. ಒಳಗೆ ಮೂಗಿಗೆ ಸೆರಗು ಕಟ್ಟಿಕೊಂಡು ನಿಂತವಳು ನಾನು.

ಮೈದುನನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಕೊಯ್ದು ಹಾಕಿದ ಹುಲ್ಲಿನ ಮೇಲೆ ಮಳೆ ಬಿದ್ದರೆ ಸಕ್ಕರೆಯ ಅಂಶ ತೊಳೆದುಹೋಗುತ್ತದೆ, ಅವನ ಆತಂಕ ಸುಳ್ಳಲ್ಲ. ಹಾಗೆಂದು ಇಡೀ ಹೊಲವನ್ನು ಒಂದೇ ದಿನ ಮಲಗಿಸುವುದೇಕೆ? ಇರುವ ಜನ ಮಗುಚಿ, ಒಣಗಿಸಿ, ಒಳಗೆ ಸೇರಿಸಲು ಆಗುವಷ್ಟನ್ನೇ ಕೊಯ್ದರಾಯಿತು. ಮಳೆ ಬಂದರೂ ಹಾಳಾಗುವುದು ಅಷ್ಟೇ.

ಮಕ್ಕಳ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಿದೆ, ಪುಣ್ಯ. ಅಂಚಿನಲ್ಲಿ ಚದುರಿದ್ದನ್ನು ಬಾಚಿ ಕೂಡಿಸಲಿ, ಕುಡಿಯುವ ನೀರು ತಂದುಕೊಡಲಿ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಸುತ್ತಿಸುವ ಮುದ್ದು ಬೇಡ.

ಇದನ್ನು ಓದಿದ ಮೇಲೆ ಮೈದುನ ಜಗಳಕ್ಕೆ ಬರುತ್ತಾನೆ. ಬರಲಿ, ಎರಡನೆಯ ಕೊಯ್ಲಿಗೆ ಇನ್ನೂ ಸಮಯವಿದೆ.