ಕುಡಿಯೋದೋ ಅಗಿಯೋದೋ ಮೊದಲು ಹೇಳು

ಈ ಸ್ಮೂದಿ ವಿಡಿಯೋ ಮಾಡೋರನ್ನ ಒಂದ್ಸಲ ಬೆಳಿಗ್ಗೆ ಏಳೂವರೆಗೆ ನಮ್ಮನೆ ಅಡುಗೆಮನೇಲಿ ನಿಲ್ಲಿಸ್ಬೇಕು ಅಂತ ನಂಗೆ ತುಂಬಾ ಆಸೆ. ಓಟ್ಸ್ ಹಾಕ್ತಾರೆ, ಫ್ರೋಜನ್ ಹಣ್ಣು ಹಾಕ್ತಾರೆ, ಹಾಲು ಸುರೀತಾರೆ, ಒಂದ್ಸಲ ಟುರ್ ಅನ್ನಿಸ್ತಾರೆ, ಗ್ಲಾಸಿಗೆ ಬಂದೇ ಬಿಡುತ್ತೆ. ಐದೇ ನಿಮಿಷ ಅಂತೆ. ನಮ್ಮನೇಲಿ ಐದು ನಿಮಿಷದಲ್ಲಿ ಫ್ರೀಜರಿಗೆ ಅಂಟ್ಕೊಂಡಿರೋ ಡಬ್ಬಿ ಈಚೆಗೆ ಬಂದ್ರೆ ದೊಡ್ಡದು.

ಬಾಳೆಹಣ್ಣನ್ನ ಫ್ರೀಜರಿಗೆ ಹಾಕೋ ಡಿಪಾರ್ಟ್‌ಮೆಂಟು ನಮ್ಮೋರದ್ದು. ಮೊದಲ ಸಲ ಸಿಪ್ಪೆ ಸಮೇತ ಇಟ್ರು, "ದೇವರೇ ಪ್ಯಾಕ್ ಮಾಡಿ ಕಳಿಸಿದಾನೆ, ಬಿಚ್ಚೋದ್ಯಾಕೆ" ಅಂತ. ಬೆಳಿಗ್ಗೆ ನೋಡಿದ್ರೆ ಸಿಪ್ಪೆ ಕರ್ರಗಾಗಿದೆ, ಸುಲಿಯಕ್ಕೆ ಹೋದ್ರೆ ಬೆರಳು ಮರಗಟ್ಟುತ್ತೇ ಹೊರತು ಸಿಪ್ಪೆ ಜಪ್ಪಯ್ಯ ಅಂದ್ರೂ ಬರಲ್ಲ. ಸುಲಿದು, ಬಿಲ್ಲೆ ಮಾಡಿ, ತಟ್ಟೇಲಿ ಒಂದಕ್ಕೊಂದು ತಾಗ್ದಂಗೆ ಹರಡಿ, ಗಟ್ಟಿಯಾದ್ಮೇಲೆ ಡಬ್ಬಿಗೆ ತುಂಬಿ ಅಂತ ಹೇಳ್ಕೊಟ್ಟೆ. ಸುಲಿದ್ರು, ಬಿಲ್ಲೆನೂ ಮಾಡಿದ್ರು, ಆದ್ರೆ ತಟ್ಟೆ ಯಾರು ತೊಳೀತಾರೆ ಅಂತ ಎಲ್ಲಾನೂ ಒಂದೇ ಕವರಿಗೆ ಒತ್ತಿ ತುಂಬಿದ್ರು. ಇಟ್ಟಿಗೆ ಥರ ಹೊರಗೆ ಬಂತು. ಅದನ್ನ ಲಟ್ಟಣಿಗೇಲಿ ಕುಟ್ಟೋ ಸದ್ದಿಗೆ ಕೆಳಗಡೆ ಮನೆಯವರು ಕಾಲಿಂಗ್ ಬೆಲ್ ಒತ್ತಿದ್ರು.

ಮಿಕ್ಸಿದು ಇನ್ನೊಂದು ಕಥೆ. ತಳಕ್ಕೆ ಹಣ್ಣಿನ ಗಡ್ಡೆ ಹಾಕಿ ಮೇಲಿಂದ ಹಾಲು ಸುರಿದ್ರೆ ಬ್ಲೇಡಿನ ಸುತ್ತ ಗಾಳಿ ಸೇರ್ಕೊಂಡು ಬಿಡುತ್ತೆ, ಬ್ಲೇಡ್ ಪಾಡಿಗೆ ಬ್ಲೇಡ್ ತಿರುಗ್ತಿರುತ್ತೆ, ಹಣ್ಣಿನ ಪಾಡಿಗೆ ಹಣ್ಣು ಮೇಲೆ ಆರಾಮಾಗಿ ಕೂತಿರುತ್ತೆ, ಸದ್ದು ಮಾತ್ರ ಮನೆ ಕಿತ್ಕೊಂಡು ಹೋಗೋ ಹಂಗೆ, ಆಮೇಲೆ ಇದ್ದಕ್ಕಿದ್ದಂಗೆ ಗಪ್‌ಚುಪ್. ಸುಟ್ಟೋಯ್ತು ಅಂತ ಎಲ್ಲರೂ ಗಾಬರಿ. ಸುಟ್ಟಿರಲ್ಲ, ತುಂಬಾ ಮಿಕ್ಸಿಗಳ ತಳದಲ್ಲಿ ಸಣ್ಣ ಕೆಂಪು ಬಟನ್ ಇರುತ್ತೆ, ಲೋಡ್ ಜಾಸ್ತಿಯಾದ್ರೆ ಮೋಟಾರ್ ಉಳಿಸಕ್ಕೆ ಅದು ಟ್ರಿಪ್ ಆಗಿರುತ್ತೆ, ಸ್ವಲ್ಪ ಹೊತ್ತು ತಣ್ಣಗಾಗಕ್ಕೆ ಬಿಟ್ಟು ಒತ್ತಿದ್ರೆ ಮತ್ತೆ ಜೀವ ಬರುತ್ತೆ. "ತಳದಲ್ಲಿ ಬಟನ್ ಇದೆ ನೋಡ್ರೀ" ಅಂದೆ ಅಷ್ಟೇ. ನಮ್ಮೋರು ಜಾರ್ ತೆಗೀದೇ ಮಗುಚಿದ್ರು.

ಕಟ್ಟೆ ಒರೆಸಿ, ಎರಡನೇ ರೌಂಡು. ಈ ಸಲ ಮೊದಲು ಕಾಲು ಕಪ್ ಓಟ್ಸ್ ಒಣದೇ ಪುಡಿ ಮಾಡ್ಕೊಂಡೆ, ಇಲ್ದಿದ್ರೆ ಹಲ್ಲಿಗೆ ಸಿಗ್ತಾ ಇರುತ್ತೆ. ಆಮೇಲೆ ಒಂದು ಕಪ್ ಹಾಲು, ಕೊನೆಗೆ ಫ್ರೋಜನ್ ಹಣ್ಣು, ನಿಲ್ಲಿಸಿ ನಿಲ್ಲಿಸಿ ಪಲ್ಸ್. ನುಣ್ಣಗೆ ಬಂತು! ಬ್ಲೂಬೆರಿಗೆ ನೇರಳೆ ಬಣ್ಣ ಬಂದಿತ್ತು, ಅಲ್ಲಿಗೇ ಬಿಡೋದು ಬಿಟ್ಟು ಆರೋಗ್ಯ ಅಂತ ಒಂದು ಹಿಡಿ ಪಾಲಕ್ ಹಾಕಿದ ಮಹಾನುಭಾವ ನನ್ನ ಮಗ. ನೇರಳೆಗೆ ಹಸಿರು ಸೇರಿದ್ರೆ ಯಾವ ಬಣ್ಣ ಬರುತ್ತೆ ಅಂತ ಬರೆಯಲ್ಲ, ನೀವು ತಿಂಡಿ ತಿಂತಾ ಓದ್ತಿರಬಹುದು.

ಅವನ ಗ್ಲಾಸಿಗೆ ಎರಡು ಚಮಚ ಚಿಯಾ ಬೀಜ ಬೇರೆ ಬಿತ್ತು. ಹಾಕಿಟ್ಟು ಸ್ನಾನಕ್ಕೆ ಹೋದ. ಓಟ್ಸಲ್ಲಿ ಬೀಟಾ ಗ್ಲೂಕನ್ ಅಂತ ನಾರು ಇರುತ್ತೆ, ನೆನೀತಾ ನೆನೀತಾ ಲೋಳೆ ಆಗುತ್ತೆ, ಚಿಯಾ ತನ್ನ ತೂಕದ ಸುಮಾರು 10 ಪಟ್ಟು ನೀರು ಕುಡಿಯುತ್ತೆ, ಇಬ್ಬರೂ ಒಂದೇ ಗ್ಲಾಸಲ್ಲಿ ಸೇರಿದ್ರೆ ಕೇಳ್ಬೇಕಾ? ಅವನು ತಲೆ ಒರೆಸ್ಕೊಂಡು ಬರೋ ಹೊತ್ತಿಗೆ ಸ್ಟ್ರಾ ನೆಟ್ಟಗೆ ನಿಂತಿತ್ತು. ನಮ್ಮತ್ತೆ ಗ್ಲಾಸ್ ಓರೆ ಮಾಡಿ, ಏನೂ ಅಲ್ಲಾಡ್ದಿದ್ದು ನೋಡಿ, "ಇದನ್ನ ಕುಡಿಯೋದೋ ಅಗಿಯೋದೋ ಮೊದಲು ಹೇಳು, ಹಲ್ಲಿನ ಸೆಟ್ ಹಾಕ್ಕೊಂಡು ಬರ್ತೀನಿ" ಅಂದ್ರು.

ಅಗೀಬೇಕು ಅನ್ನೋದೇ ನನ್ನ ಅಭಿಪ್ರಾಯ. ಬರೀ ಹಣ್ಣಿನ ಜ್ಯೂಸು ಕುಡಿದ್ರೆ ಸ್ವಲ್ಪ ಹೊತ್ತಿಗೇ ಹೊಟ್ಟೆ ಚುರುಗುಟ್ಟುತ್ತೆ, ಇದು ಹಾಗಲ್ಲ, ಆ ಲೋಳೆನೇ ಹೊಟ್ಟೇಲಿ ನಿಧಾನಕ್ಕೆ ಜರುಗೋದು. ಚಮಚದಲ್ಲಿ ತಿಂದ ಅತ್ತೆ ಮಧ್ಯಾಹ್ನ ಊಟದ ತನಕ ಅಡುಗೆಮನೆ ಕಡೆ ತಿರುಗಿ ನೋಡ್ಲಿಲ್ಲ.

ನಮ್ಮೋರು ಮಾತ್ರ ಲೇಟಾಯ್ತು ಅಂತ ಗಟಗಟ ಏರಿಸಿದ್ರು. ಅಷ್ಟು ತಣ್ಣಗಿರೋದು ಬಾಯೊಳಗೆ ಮೇಲಿನ ಅಂಗುಳಕ್ಕೆ ತಾಗಿದ್ರೆ ಹಣೆ ಸಿಡಿಯುತ್ತಲ್ಲ, ಹಣೆ ಹಿಡ್ಕೊಂಡು ಕೂತ್ರು. ನಾಲಿಗೇನ ಅಂಗುಳಕ್ಕೆ ಒತ್ತಿ ಹಿಡೀರಿ, ಕಮ್ಮಿ ಆಗುತ್ತೆ ಅಂದೆ. ಒತ್ತಿ ಹಿಡ್ಕೊಂಡಿರೋವಾಗ್ಲೇ ಅವರ ಮ್ಯಾನೇಜರ್ ಫೋನು. ನಾಲಿಗೆ ತೆಗಿಯೋ ಹಂಗಿಲ್ಲ, ಎಲ್ಲದಕ್ಕೂ "ಹ್ಞೂಂ, ಹ್ಞೂಂ" ಅಂದ್ರು. ಫೋನ್ ಇಟ್ಟ ಮೇಲೆ ಗೊತ್ತಾಗಿದ್ದು, ಶನಿವಾರ ಆಫೀಸಿಗೆ ಬರ್ತೀನಿ ಅಂತ ಒಪ್ಕೊಂಡಾಗಿದೆ.

"ಶನಿವಾರ ಏನಾದ್ರೂ ಬಿಸೀದು ಮಾಡೇ" ಅಂದ್ರು, ಹಣೆ ಉಜ್ಜಿಕೊಳ್ತಾ.